ಜನವರಿಯ ಲ್ಯಾವೆಂಡರ್

ಸಿಡ್ನಿಯ ನಮ್ಮ ಧಾರವಾಡ ಬಳಗದಲ್ಲಿ ಯಾರೇ ಪ್ರವಾಸ ಹೊರಟರೂ ಮೊದಲು ನನ್ನನ್ನು ಕೇಳುತ್ತಿದ್ದರು. ನನ್ನ ಎಕ್ಸೆಲ್ ಶೀಟಿನಲ್ಲಿ ಯಾವ ದಿನ ಯಾವ ಊರು ಎನ್ನುವುದಷ್ಟೇ ಅಲ್ಲ, ಎಲ್ಲಿ ಕೂತು ಚಪಾತಿ, ಶೇಂಗಾ ಚಟ್ನಿ ತಿನ್ನಬೇಕು ಎಂಬುದೂ ಇರುತ್ತಿತ್ತು. ಹಾಗಿರುವಾಗ ಹೆಂಡತಿಯ ದಕ್ಷಿಣ ಫ್ರಾನ್ಸಿನ ಪ್ರವಾಸವನ್ನು ಬೇರೆಯವರ ಕೈಗೆ ಕೊಡುತ್ತೇನೆಯೇ?

ಅವಳಿಗೆ ಬೇಕಾಗಿದ್ದು ಒಂದೇ: ಪ್ರೊವಾನ್ಸ್‌ನ ಲ್ಯಾವೆಂಡರ್ ಹೊಲದಲ್ಲಿ ಒಂದು ಫೋಟೋ. ಅದಕ್ಕೆಂದೇ ನೇರಳೆ ಬಣ್ಣದ ಇಳಕಲ್ ಸೀರೆ ತರಿಸಿಟ್ಟಿದ್ದಳು. ಮೊದಲು ಆಸ್ಟ್ರೇಲಿಯದ ಕಾಯಂ ವಾಸದ ಪಿಆರ್ ಆಗಲಿ, ಆಮೇಲೆ ಸಿಡ್ನಿಯ ಸ್ಕೋಫೀಲ್ಡ್ಸ್ ಬಡಾವಣೆಯಲ್ಲಿ ಕಟ್ಟಿಸುತ್ತಿದ್ದ ಮನೆ ಮುಗಿಯಲಿ ಎಂದು ನಾನು ಹನ್ನೆರಡು ವರ್ಷ ಮುಂದೂಡಿದೆ. ಕೊನೆಗೊಂದು ದಿನ ಫೋನಿನಲ್ಲಿ ಹುಡುಕಿದರೆ, ಹೂವಿನ ಕಾಲ ಡಿಸೆಂಬರ್, ಜನವರಿ ಎಂದಿತು. ಅಲ್ಲಿ ಆಗ ಚಳಿಗಾಲವೆಂದು ಗೊತ್ತಿತ್ತು. ನಮ್ಮ ಸೇವಂತಿಗೆಯ ಹಾಗೆ ಚಳಿಗೆ ಅರಳುವ ಹೂವಿರಬೇಕು ಎಂದುಕೊಂಡೆ. ಮಗಳ ಶಾಲೆಗೂ ಆಗಲೇ ರಜೆ. ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತೆಂದು ಟಿಕೆಟ್ ಬುಕ್ ಮಾಡಿದೆ.

ಅವಿನ್ಯೋನ್‌ನಲ್ಲಿ ಪೋಪ್‌ಗಳ ಅರಮನೆ ನೋಡಿದೆವು. ನದಿಯ ಮಧ್ಯದವರೆಗೆ ಬಂದು ನಿಂತುಬಿಟ್ಟಿರುವ ಹಳೆಯ ಸೇತುವೆಯನ್ನೂ ನೋಡಿದೆವು. ಗುಡ್ಡದ ಮೇಲಿನ ಕಲ್ಲಿನ ಊರು ಗೋರ್ಡ್‌ನಲ್ಲಿ ಅರ್ಧ ಅಂಗಡಿಗಳು ಮುಚ್ಚಿದ್ದವು. ಗದ್ದಲವೇ ಇಲ್ಲ, ಎಲ್ಲ ನನ್ನ ಪ್ಲ್ಯಾನಿಂಗ್ ಎಂದು ಬೀಗಿದೆ.

ಮರುದಿನ ಹೊಲಕ್ಕೆ ಹೋದೆವು. ಬೂದು ಬಣ್ಣದ ಮೋಟು ಗಿಡಗಳು ಸಾಲುಸಾಲಾಗಿ ಕೂತಿದ್ದವು. ಒಂದೂ ಹೂವಿಲ್ಲ.

"ನಮ್ಮೂರ ಹತ್ತಿ ಕಟಗಿ ಹೊಲ ನೋಡಾಕ ಇಷ್ಟ ದೂರ ಬರಬೇಕಿತ್ತೇನ್ರೀ?" ಎಂದಳು ಹೆಂಡತಿ.

ಮಗಳು ನನ್ನ ಫೋನು ಇಸಿದುಕೊಂಡು, ನಾನು ಹೂವಿನ ಕಾಲ ಓದಿದ್ದ ಪುಟ ತೆರೆದು ನೋಡಿದಳು. "ಅಪ್ಪಾ, ದಿಸ್ ಫಾರ್ಮ್ ಈಸ್ ನಿಯರ್ ಮೆಲ್ಬರ್ನ್. ಇಟ್ಸ್ ಇನ್ ಫುಲ್ ಬ್ಲೂಮ್ ರೈಟ್ ನೌ."

ಸ್ಕೋಫೀಲ್ಡ್ಸ್‌ನಲ್ಲಿ ಕೂತು ಕೇಳಿದ್ದಕ್ಕೆ ಫೋನು ಆಸ್ಟ್ರೇಲಿಯದ ಹೂವಿನ ಕಾಲ ಹೇಳಿತ್ತು. ಇಲ್ಲಿ ಅದು ಅರಳುವುದು ಜುಲೈನಲ್ಲಿ. ಭೂಮಿ ಬಾಯಿಬಿಡಬಾರದೇ ಎನಿಸುವಷ್ಟು ನಾಚಿಕೆಯಾಯಿತು.

ಹೆಂಡತಿ ಕಾರಿನ ಮರೆಗೆ ಹೋದಳು. ಅಳುತ್ತಿದ್ದಾಳೆಂದುಕೊಂಡೆ. ಬಂದಾಗ ಚಳಿಗೆ ಹಾಕಿದ್ದ ಥರ್ಮಲ್ ಉಡುಪಿನ ಮೇಲೆಯೇ ಇಳಕಲ್ ಸೀರೆ ಉಟ್ಟಿದ್ದಳು. ಮೋಟುಗಳ ನಡುವೆ ಹೋಗಿ ನಿಂತಳು.

"ತೆಗೀರಿ ಫೋಟೋ. ಈ ಹೊಲದಾಗ ಅರಳಿದ್ದು ನಾ ಒಬ್ಬಾಕಿನ."

ಆ ಫೋಟೋ ಈಗ ನಮ್ಮ ಹಾಲ್‌ನ ಗೋಡೆಯ ಮೇಲಿದೆ. ಪಕ್ಕದ ರೌಸ್ ಹಿಲ್‌ನಿಂದ ಊಟಕ್ಕೆ ಬಂದ ಸ್ನೇಹಿತರು, ಇದರಲ್ಲಿ ಲ್ಯಾವೆಂಡರ್ ಎಲ್ಲಿದೆ ಎಂದು ಕೇಳುತ್ತಾರೆ.

"ಮೆಲ್ಬರ್ನ್‌ದಾಗ ಐತ್ರಿ," ಎನ್ನುತ್ತಾಳೆ ಅವಳು ಚಹಾ ಕೊಡುತ್ತ. "ಹೋಗೂದಿದ್ರ ಇವರನ್ನ ಮಾತ್ರ ಕೇಳಬ್ಯಾಡ್ರಿ."