ರೋಲರ್ ಕೋಸ್ಟರಿಗೆ ಕಾಯುತ್ತಿರುವ ನಮ್ಮಕ್ಕ

ಹೊಲಿದ ರವಿಕೆಯನ್ನು ಗಿರಾಕಿಯ ಕೈಗೆ ಕೊಡುವ ಮುನ್ನ ಅದರ ಕಂಕುಳ ಹೊಲಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಜಗ್ಗಿ ನೋಡುವುದು ನನ್ನ ಅಭ್ಯಾಸ. ನಾನೇ ಹೊಲಿದದ್ದು, ನನ್ನದೇ ಮಷೀನು, ನನ್ನದೇ ದಾರ, ಆದರೂ ನಂಬುವುದಿಲ್ಲ. ಶಿಕಾರಿಪುರದ ಪೇಟೆಬೀದಿಯ ಪುಟ್ಟ ಅಂಗಡಿಯಲ್ಲಿ ಕುಳಿತು ಇಷ್ಟು ವರ್ಷ ಜಗ್ಗಿ ಜಗ್ಗಿ, ಈಗ ಆ ಚಾಳಿ ಬಟ್ಟೆಯನ್ನು ದಾಟಿ ಬದುಕಿಗೆಲ್ಲ ಹಬ್ಬಿಕೊಂಡಿದೆ. ಹಾಲಿನವನ ಹಾಲು, ಹವಾಮಾನದ ವರದಿ, ಹೊಸ ಬೀಗರ ಅತಿವಿನಯ, ಯಾವುದನ್ನೂ ಒಮ್ಮೆ ಜಗ್ಗದೆ ಮನಸ್ಸಿನೊಳಗೆ ಬಿಟ್ಟುಕೊಳ್ಳುವವಳಲ್ಲ ನಾನು. ನೀವೂ ಅಂಥವರೇ ಆಗಿದ್ದರೆ ನನ್ನ ಕಷ್ಟ ಅರ್ಥವಾದೀತು. ಅಲ್ಲದಿದ್ದರೆ, ಪರಿಚಯವೇ ಇಲ್ಲದ ನನ್ನನ್ನು ಇಷ್ಟು ಸಲೀಸಾಗಿ ನಂಬಿ ಓದುತ್ತಿರುವ ನಿಮ್ಮ ಮೇಲೂ ನನಗೆ ಸಣ್ಣದೊಂದು ಅನುಮಾನವಿದೆ.

ಇಂಥ ನನ್ನ ಕಣ್ಣಿಗೆ ಸೊರಬದ ದಾರಿಯಲ್ಲಿ ಒಂದು ಫ್ಲೆಕ್ಸ್ ಬಿತ್ತು. ಅಲ್ಲಿ ಯಾರೋ ಉಳ್ಳವರು ಥೀಮ್ ಪಾರ್ಕ್ ಒಂದನ್ನು ನಡೆಸುತ್ತಿದ್ದಾರೆ. ನೀರಿನ ಜಾರುಬಂಡೆ, ಗಿರಗಿರ ತಿರುಗುವ ದೊಡ್ಡ ಬಟ್ಟಲುಗಳು, ಸೊಂಡಿಲಿನ ಬಣ್ಣ ಹೋದ ಒಂದು ಪ್ಲಾಸ್ಟಿಕ್ ಆನೆ. ಈಗ ಹೊಸದಾಗಿ ರೋಲರ್ ಕೋಸ್ಟರ್ ಬರುತ್ತದಂತೆ. ಫ್ಲೆಕ್ಸಿನಲ್ಲಿ ಹೊಂಗೂದಲಿನ ವಿದೇಶಿಯರು ತಲೆಕೆಳಗಾಗಿ ಕಿರುಚುತ್ತಿದ್ದರು, ಅವರ ಹಿಂದೆ ಹಿಮದ ಬೆಟ್ಟ. ನಮ್ಮ ಸೀಮೆಯಲ್ಲಿ ಯಾರಾದರೂ ಹಿಮದ ಬೆಟ್ಟ ಕಂಡಿದ್ದರೆ ದಯವಿಟ್ಟು ತಿಳಿಸಿ. ಕೆಳಗೆ ‘ಯುಗಾದಿಗೆ’ ಎಂದಿದ್ದ ಕಡೆ ‘ಶೀಘ್ರದಲ್ಲಿ’ ಎಂಬ ಚೀಟಿ ಅಂಟಿಸಿದ್ದರು. ಬಸ್ಸಿನ ಕಿಟಕಿಯಿಂದ ನೋಡಿದ ನಾನು ಮೂಗು ಮುರಿದು ಮುಂದೆ ಹೋದೆ.

ಆದರೆ ಜನ ಮೂಗು ಮುರಿಯಲಿಲ್ಲ. ಆ ಪಾರ್ಕಿಗೆ ಅಭಿಮಾನಿಗಳಿದ್ದಾರೆ ಎಂಬುದೇ ನನಗೆ ಆಗ ಗೊತ್ತಾಗಿದ್ದು. ಶಿಕಾರಿಪುರದವರು, ಸೊರಬದವರು ಸೇರಿ ವಾಟ್ಸಪ್ ಗುಂಪು ಕಟ್ಟಿಕೊಂಡು, ಇನ್ನೂ ಕಂಬವೇ ಏಳದ ಯಂತ್ರದ ಬಗ್ಗೆ ದಿನವಿಡೀ ರೈಲು ಬಿಡುತ್ತಿದ್ದರು. ತಲೆಕೆಳಗಾಗುವ ಸುರುಳಿ ಒಂದಂತೂ ಇದ್ದೇ ಇರುತ್ತದೆ ಎಂದು ಒಬ್ಬರು. ಒಂದಕ್ಕೆಲ್ಲ ಯಾರು ಬರುತ್ತಾರೆ ಎಂದು ಇನ್ನೊಬ್ಬರು. ತುದಿಗೆ ಹೋದಾಗ ತಮ್ಮ ಊರಿನ ಕೆರೆ ಕಾಣಲೇಬೇಕೆಂದು ಎರಡೂ ತಾಲೂಕಿನವರ ಜಿದ್ದು. ಬಯಕೆಗೆ ಅಳತೆ ತೆಗೆಯುವ ಟೇಪು ಇನ್ನೂ ಬಂದಿಲ್ಲ, ಬಂದಿದ್ದರೆ ನಾನೇ ಒಂದು ಕೊಂಡಿಡುತ್ತಿದ್ದೆ. ಇಲ್ಲದ ವಸ್ತುವಿನ ಮೇಲೆ ಮನುಷ್ಯ ಇಡುವ ಭರವಸೆ ಇರುವ ವಸ್ತುವಿನ ಮೇಲೆ ಇಡುವುದಕ್ಕಿಂತ ಯಾವಾಗಲೂ ದೊಡ್ಡದಾಗಿರುತ್ತದೆ, ಏಕೆಂದರೆ ಇಲ್ಲದ್ದು ಎಂದೂ ಕೆಟ್ಟು ನಿಲ್ಲುವುದಿಲ್ಲ.

ಇದನ್ನೆಲ್ಲ ನಕ್ಕು ಬಿಟ್ಟುಬಿಡುತ್ತಿದ್ದೆ, ಆ ಗುಂಪಿನ ಅತ್ಯಂತ ಉತ್ಸಾಹಿ ಸದಸ್ಯೆ ನನ್ನ ಒಡಹುಟ್ಟಿದ ಅಕ್ಕನೇ ಆಗಿರದಿದ್ದರೆ. ಗಿರಿಜಕ್ಕನನ್ನು ಸೊರಬಕ್ಕೆ ಕೊಟ್ಟು ಬಹಳ ಕಾಲವಾಯಿತು. ಭಾವ ತೀರಿಕೊಂಡು ಕೆಲವು ವರ್ಷವಾದವು. ಮೊಮ್ಮಕ್ಕಳನ್ನು ಕಂಡ ಈ ಹೆಂಗಸು ಬೆಳಗಾಗೆದ್ದು ಲೋಕದ ಕೋಸ್ಟರುಗಳ ವಿಡಿಯೋ ನೋಡಿ, ಒಳ್ಳೆಯದನ್ನು ನನಗೂ ಕಳಿಸುತ್ತಿದ್ದಳು. ಇವಳ ತಲೆಗೆ ಯಾರು ಇದನ್ನು ತುಂಬಿದರು? ಪಾರ್ಕಿನವರು ಇವಳ ಕಿವಿಗೆ ಹೂವಿಡುತ್ತಿದ್ದಾರೆಯೇ? ಅಥವಾ ಮನೆಯಲ್ಲಿ ಏನೋ ನೋವಾಗಿ, ಅದನ್ನು ಹೀಗೆ ಮರೆಯುತ್ತಿದ್ದಾಳೆಯೇ? ನನಗೆ ನಿದ್ದೆಯಲ್ಲೂ ಅನುಮಾನ.

ಒಂದು ದಿನ ಅಕ್ಕ ಅಂಗಡಿಗೆ ಬಂದವಳು, ಸ್ಟೂಲಿನ ಮೇಲೆ ಕೂತು, ಪಾರ್ಕಿಗೇ ಫೋನು ಹಚ್ಚಿದಳು. ಸ್ಪೀಕರ್ ಹಾಕಿದ್ದರಿಂದ ಆ ಕಡೆಯ ಹುಡುಗಿಯ ದನಿ ನನಗೂ ಕೇಳುತ್ತಿತ್ತು.

“ಅದನ್ನ ಯಾರ್‍ಯಾರು ಹತ್ತಂಗಿಲ್ಲ ಹೇಳವ್ವಾ,” ಎಂದಳು ಅಕ್ಕ.

“ಹಾರ್ಟ್ ಪ್ರಾಬ್ಲಮ್ ಇರೋರು, ಬಸುರಿಯರು, ಬೆನ್ನುನೋವು ಇರೋರು, ತೀರಾ ಸಣ್ಣ ಮಕ್ಕಳು ಹತ್ತಂಗಿಲ್ಲ ರೀ.”

“ಮತ್ತೆ?”

“ಅಷ್ಟೇ ರೀ.”

“ಬೇರೆ ಯಾರೂ ಇಲ್ವಾ? ಸರಿಯಾಗಿ ನೋಡಿ ಹೇಳು.”

“ಇಲ್ಲ ರೀ, ಉಳಿದೋರು ಯಾರು ಬಂದ್ರೂ ಕೂರಿಸ್ತೀವಿ.”

ಅಕ್ಕ ಫೋನು ಇಟ್ಟು ನನ್ನತ್ತ ತಿರುಗಿದಳು. ಅವಳ ಮುಖ ಅರಳಿತ್ತು. “ಕೇಳಿದ್ಯೇನೆ? ಅದರಲ್ಲಿ ನಾನು ಯಾವುದೂ ಅಲ್ಲ ಮಾರಾಯ್ತಿ!”

ನಾನು ಮಷೀನು ನಿಲ್ಲಿಸಿದೆ. ನಮ್ಮ ತವರು ತೊಗರ್ಸಿಯ ಕಡೆ. ನಾಗರಪಂಚಮಿಗೆ ಅಲ್ಲಿ ಜೋಕಾಲಿ ಕಟ್ಟುತ್ತಾರೆ, ಕೊಟ್ಟ ಹೆಣ್ಣುಮಕ್ಕಳು ಬಂದು ಜೀಕಿ ಹೋಗುತ್ತಾರೆ. ಹುಡುಗಿಯಾಗಿದ್ದಾಗ ಅಕ್ಕ ಜೀಕಿದರೆ ಹಗ್ಗ ಕೊಂಬೆಯ ಎತ್ತರಕ್ಕೆ ಹೋಗುತ್ತಿತ್ತು, ಕೆಳಗೆ ನಿಂತ ನಾವು ಕಣ್ಣು ಮುಚ್ಚಿಕೊಳ್ಳುತ್ತಿದ್ದೆವು. ಭಾವ ಹೋದ ಮೇಲೂ ಅವಳು ಪ್ರತಿ ವರ್ಷ ಬರುತ್ತಾಳೆ, ಉಂಡೆ ಕಟ್ಟುತ್ತಾಳೆ, ಜೀಕುವವರ ಮೊಬೈಲು, ಚಪ್ಪಲಿ ಕಾಯುತ್ತಾಳೆ. ಜೋಕಾಲಿ ಹತ್ತಬೇಡ ಎಂದು ಅವಳಿಗೆ ಯಾರೂ ಹೇಳಿಲ್ಲ. ಬಾ ಎಂದೂ ಯಾರೂ ಕರೆದಿಲ್ಲ. ಮುತ್ತೈದೆಯರ ಸಾಲು ಮುಗಿದ ಕೂಡಲೇ ಹಗ್ಗವನ್ನು ಮಕ್ಕಳ ಕೈಗೆ ಕೊಟ್ಟುಬಿಡುತ್ತೇವೆ. ಲೋಕವನ್ನೆಲ್ಲ ಜಗ್ಗಿ ನೋಡುವ ನನ್ನ ಕೈಗೆ ಈ ಹೊಲಿಗೆ ಒಂದು ಸಲವೂ ಸಿಕ್ಕಿರಲಿಲ್ಲ.

ಪಂಚಮಿ ಹತ್ತಿರ ಬಂತು, ಕೋಸ್ಟರು ಬರಲಿಲ್ಲ. ನಮ್ಮಲ್ಲಿ ಒಂದು ಪದ್ಧತಿ ಇದೆ: ಜೋಕಾಲಿಯ ಹಗ್ಗವನ್ನು ಯಾರು ಕಟ್ಟುತ್ತಾರೋ ಅವರೇ ಮೊದಲು ಕೂತು ಜೀಕಬೇಕು, ಆಮೇಲೆ ಉಳಿದವರು. ಗಂಟು ಬಿಚ್ಚಿದರೆ ಕಟ್ಟಿದವರ ಸೊಂಟವೇ ಮುರಿಯಲಿ ಎಂಬ ಲೆಕ್ಕ. ನನ್ನಂಥ ಸಂಶಯದ ಪ್ರಾಣಿಯೇ ಯಾರೋ ಇದನ್ನು ಹಾಕಿಕೊಟ್ಟಿರಬೇಕು. ತವರಿನಲ್ಲಿರುವ ನಮ್ಮ ತಮ್ಮ ಹಗ್ಗ ಹಿಡಿದು ಮರದ ಕಡೆ ಹೊರಟಾಗ ನಾನು ಅಡ್ಡ ನಿಂತೆ.

“ನಿನ್ನ ಗಂಟಿನ ಮೇಲೆ ನನಗೆ ನಂಬಿಕೆ ಇಲ್ಲಪ್ಪ. ಈ ಸಲ ಅಕ್ಕ ಕಟ್ಟಲಿ.”

“ಹಗ್ಗ ಕಟ್ಟೋದು ಹೆಣ್ಮಕ್ಕಳ ಕೆಲಸ ಏನಕ್ಕಾ? ಮಂದಿ ಏನಂತಾರೆ?”

“ಎಷ್ಟು ವರ್ಷ ಎಮ್ಮೆ ಕಟ್ಟಿದ ಕೈ ಐತಿ ಅದು. ಅವಳು ಕಟ್ಟದಿದ್ದರೆ ನಾನಂತೂ ಹತ್ತೋದಿಲ್ಲ.”

ನನ್ನ ಅನುಮಾನದ ಖ್ಯಾತಿ ಊರಿಗೆಲ್ಲ ಗೊತ್ತಿದ್ದುದು ಅಂದು ಕೆಲಸಕ್ಕೆ ಬಂತು. ತಮ್ಮ ನಕ್ಕು ಏಣಿ ಹಿಡಿದ. ಅಕ್ಕ ಕೊಂಬೆಗೆ ಹಗ್ಗ ಸುತ್ತಿ, ಬಿಗಿದು, ತಾನೇ ಜೋತುಬಿದ್ದು ನೋಡಿದಳು. ಕಟ್ಟಿದ ಮೇಲೆ ಕೂರಲೇಬೇಕು. ಪದ್ಧತಿಗೆ ಎದುರು ಮಾತಾಡುವವರು ಯಾರು? ಅತ್ತಿಗೆಯರು, ಓಣಿಯ ಹೆಂಗಸರು ಸುತ್ತ ನಿಂತು ನೋಡಿದರು. ಅಕ್ಕ ಮೊದಮೊದಲು ಮೆಲ್ಲಗೆ, ಆಮೇಲೆ ಮಂಡಿ ಮಡಿಸಿ ಒದ್ದು ಜೀಕಿದಳು. ಸೆರಗು ಹಾರಿತು, ತುರುಬು ಬಿಚ್ಚಿತು, ಅವಳ ಬಾಯಿಂದ ಎಳೆಹುಡುಗಿಯಂಥ ಕೇಕೆ ಹೊರಟಿತು. ನನಗೆ ಅಳು ಬಂತು, ಅತ್ತೆ.

ಅವಳು ಇಳಿದು ಏದುಸಿರು ಬಿಡುತ್ತ ಕಟ್ಟೆಯ ಮೇಲೆ ಕೂತಾಗ, ಗೆದ್ದವಳ ಹಮ್ಮಿನಲ್ಲಿ ನಾನೆಂದೆ: “ಆಸೆ ತೀರ್ತಲ್ಲ ಅಕ್ಕ? ಇನ್ನು ಆ ಕಬ್ಬಿಣದ ಹುಚ್ಚು ಬಿಟ್ಟುಬಿಡು.”

ಅಕ್ಕ ಕೂದಲು ಗಂಟು ಹಾಕಿಕೊಳ್ಳುತ್ತ ನನ್ನ ಮುಖವನ್ನೇ ನೋಡಿದಳು. “ಭಾಳ ಚೆನ್ನಾಗಿತ್ತು ಕಣೆ. ಆದ್ರೆ ನನ್ನ ಕೂರಿಸೋಕೆ ನೀನು ಇಷ್ಟು ನಾಟಕ ಆಡ್ಬೇಕಾಯ್ತಲ್ಲ. ಅಲ್ಲಿ ಸಾಲಲ್ಲಿ ನಿಂತ್ರೆ ಸಾಕು.”

ಆ ಪಾರ್ಕಿನವರ ಒಂದು ಬೋಲ್ಟನ್ನೂ ನಾನು ಇವತ್ತಿಗೂ ನಂಬುವುದಿಲ್ಲ. ಆದರೂ ಅದು ಬೇಗ ಶುರುವಾಗಲಿ ಎಂದು ಕಾಯುವವರಲ್ಲಿ ನಾನೂ ಒಬ್ಬಳಾಗಿದ್ದೇನೆ. ಅಕ್ಕನ ಬೆನ್ನಿಗೇ ಆ ಸಾಲಿನಲ್ಲಿ ನಿಲ್ಲಬೇಕು; ಕಿಂಡಿಯ ಒಳಗೆ ಕೂತವರು ಅವಳ ಹಣೆಯತ್ತ ಕಣ್ಣೂ ಹಾಯಿಸದೆ ಟಿಕೆಟ್ ಹರಿದು ಕೊಡುವುದನ್ನು ಕಣ್ಣಾರೆ ನೋಡಬೇಕು.