ಬಂಗಾರದ ಬಣ್ಣದ ಬೆಲ್ಲ, ಒಡೆದ ಹಾಲು

ಹಾಲು ಒಡೆದ ದಿನ ಅಕ್ಕನಿಗೆ ಏಟು ಬೀಳುತ್ತಿತ್ತು. ಕಂಪ್ಲಿಯ ನಮ್ಮ ಮನೆಯಲ್ಲಿ ಆ ವರ್ಷ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಹಿತ್ತಾಳೆ ಲೋಟ ಗೋಡೆಗೆ ಬಡಿದ ಸದ್ದಾದರೆ ಕೊಟ್ಟಿಗೆಯ ಎತ್ತುಗಳೂ ಮೇವು ಬಿಟ್ಟು ತಲೆ ಎತ್ತುತ್ತಿದ್ದವು.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ, ನನ್ನ ಗಂಡನ ಅಣ್ಣನ ಹೆಂಡತಿ. ಅವಳ ತವರು ಹೊಸಪೇಟೆ. ನಾನು ಆ ಮನೆಗೆ ಕಿರಿಯ ಸೊಸೆಯಾಗಿ ಬಂದು ನಾಲ್ಕು ವರ್ಷವಾಗಿದ್ದರೂ ಭಾವನವರ ಎದುರು ಒಮ್ಮೆಯೂ ಬಾಯಿ ತೆರೆದಿರಲಿಲ್ಲ. ನಮ್ಮ ಕಡೆ ಹಾಗೇ ಪದ್ಧತಿ. ಗಂಡನ ಅಣ್ಣ ಬಂದರೆ ಸೆರಗು ಎಳೆದುಕೊಂಡು ಬಾಗಿಲ ಮರೆಗೆ ಸರಿಯಬೇಕು. ಅವರೂ ತಮ್ಮನ ಹೆಂಡತಿಯನ್ನು ಮುಟ್ಟುವ ಹಾಗಿಲ್ಲ. ಏನಾದರೂ ಕೊಡುವುದಿದ್ದರೆ ನೆಲಕ್ಕಿಟ್ಟು ಹೋಗಬೇಕು, ನಾವು ಎತ್ತಿಕೊಳ್ಳಬೇಕು.

ಭಾವನವರ ಬಲಗೈಯ ಎರಡು ಬೆರಳು ಗಾಣಕ್ಕೆ ಹೋಗಿದ್ದವು. ಹರೆಯದಲ್ಲಿ ಕಬ್ಬು ಒತ್ತುತ್ತಿದ್ದಾಗ ಕಬ್ಬಿನ ಜೊತೆ ಕೈಯೂ ಒಳಗೆ ಹೋಯಿತಂತೆ. ಎತ್ತು ನಿಲ್ಲಿಸುವಷ್ಟರಲ್ಲಿ ಕಬ್ಬಿನ ಹಾಲು ಕೆಂಪಾಗಿತ್ತು ಎಂದು ಅತ್ತೆ ಹೇಳುತ್ತಿದ್ದರು. ಆಮೇಲೆ ಅವರು ಗಾಣ ಬಿಟ್ಟು ಬೆಲ್ಲ ಕಾಸುವ ಕೊಪ್ಪರಿಗೆಯ ಮುಂದೆ ಕೂತರು. ಪಾಕ ನೋಡುವುದರಲ್ಲಿ ಅವರನ್ನು ಮೀರಿಸಿದವರು ಊರಲ್ಲಿರಲಿಲ್ಲ. ಅವರು ಇಳಿಸಿದ ಬೆಲ್ಲದ ಅಚ್ಚು ಬಂಗಾರದ ಬಣ್ಣಕ್ಕೆ ತಿರುಗುತ್ತಿತ್ತು. ಅಕ್ಕನ ಕೆನ್ನೆಯ ಮೇಲೆ ಏಳುತ್ತಿದ್ದ ಬಾಸುಂಡೆಯಲ್ಲಿ ಎರಡೇ ಬೆರಳಿನ ಗುರುತು ಇರುತ್ತಿತ್ತು.

ಯುದ್ಧದ ದಿನಗಳು. ಸಕ್ಕರೆ ರೇಷನ್ ಕಾರ್ಡಿನ ಮೇಲೆ ಬರುತ್ತಿತ್ತು. ಬಂದದ್ದು ತಿಂಗಳ ಅರ್ಧಕ್ಕೇ ಮುಗಿಯುತ್ತಿತ್ತು. ಭಾವನವರಿಗೆ ಮಾತ್ರ ಬೆಳಿಗ್ಗೆ ಕೊಪ್ಪರಿಗೆಗೆ ಬೆಂಕಿ ಹಾಕುವ ಮುಂಚೆ ಒಂದು, ಮಧ್ಯಾಹ್ನ ಒಂದು ಕಾಫಿ ಆಗಲೇಬೇಕು. ಮನೆ ತುಂಬ ಬೆಲ್ಲ. ಬೆಲ್ಲ ಹಾಕಿದರಾಯಿತು ಎಂದು ಯಾರಿಗಾದರೂ ಅನಿಸುತ್ತದೆ. ಅಕ್ಕನೂ ಹಾಗೇ ಮಾಡಿದಳು. ಕುದಿಯುವ ಹಾಲಿಗೆ ಬೆಲ್ಲದ ಪುಡಿ ಬಿದ್ದ ಕೂಡಲೇ ಹಾಲು ಚೂರು ಚೂರಾಗಿ ಒಡೆದು ನೀರು ಬೇರೆಯಾಯಿತು.

ಮೊದಲನೆಯ ಸಲ ಭಾವ ಲೋಟದ ಬಿಸಿ ಕಾಫಿಯನ್ನು ಅವಳ ಮುಂಗೈ ಮೇಲೆ ಸುರಿದರು. ಬೊಬ್ಬೆಗಳೆದ್ದವು. ಎರಡನೆಯ ಸಲ ಜಡೆ ಹಿಡಿದು ಹಿತ್ತಲತನಕ ಎಳೆದೊಯ್ದರು.

"ಬೆಲ್ಲದಾಗ ಹುಳಿ ಐತ್ರಿ. ಸುಣ್ಣದ ತಿಳಿ ಕಮ್ಮಿ ಬಿದ್ದೈತಿ," ಎಂದಳು ಅಕ್ಕ, ನೆಲಕ್ಕೆ ಬಿದ್ದಲ್ಲಿಂದಲೇ. ಅವಳ ಅಪ್ಪನ ಮನೆಯಲ್ಲೂ ಗಾಣವಿತ್ತು. ಕಬ್ಬಿನ ಹಾಲು ಕುದಿಯುವಾಗ ಸುಣ್ಣದ ತಿಳಿನೀರು ಹಾಕಿ ಹುಳಿ ಮುರಿಯುವುದು, ಅದು ಹೆಚ್ಚಾದರೆ ಬೆಲ್ಲ ಕಪ್ಪಾಗುವುದು, ಇದೆಲ್ಲ ಅವಳು ಕಂಡದ್ದೇ.

"ನನಗ ಪಾಕ ಕಲಿಸಾಕ ಬಂದೀಯೇನ್ಲೇ. ಒಲಿ ಮುಂದ ಕುಂದ್ರಾಕಿ ಕೊಪ್ಪರಿಗಿ ಮಾತಾಡಬ್ಯಾಡ," ಎಂದು ಒದ್ದರು. ಆಮೇಲೆ ಅತ್ತೆಯ ಕಡೆ ತಿರುಗಿ ನಿಧಾನವಾಗಿ ಹೇಳಿದರು: "ಇನ್ನೊಂದು ಸಲ ನನ್ನ ಮುಂದ ಒಡದ ಹಾಲು ಬಂತಂದ್ರ ಈಕಿನ್ನ ಹೊಸಪ್ಯಾಟಿಗೆ ಹೊಡದು ಕಳಸ್ತೀನಿ. ತಿರುಗಿ ಕರಿಯಂಗಿಲ್ಲ."

ಅವಳಿಗೆ ಆಗ ಆರು ತಿಂಗಳು.

ಅಂದಿನಿಂದ ಅಕ್ಕ ಹಾಲಿಗೆ ಬೆಲ್ಲ ಮುಟ್ಟಿಸಲಿಲ್ಲ. ಸಿಹಿಗೆ ಬೇರೆ ದಾರಿ ಹುಡುಕಿದಳು. ಸಂಡೂರಿನ ಗುಡ್ಡದ ಕಡೆಯಿಂದ ಬರುತ್ತಿದ್ದ ಜೇನು ಮಾರುವವಳ ಹತ್ತಿರ ಒಂದು ಕುಡಿಕೆ ಜೇನು ತೆಗೆದುಕೊಂಡಳು. ಜೇನುಹುಟ್ಟನ್ನು ಕೈಯಲ್ಲೇ ಹಿಂಡಿದ್ದು. ಜೇನುತುಪ್ಪದಲ್ಲಿ ಸತ್ತ ಮರಿಹುಳುಗಳು ತೇಲುತ್ತಿದ್ದವು. ಬಟ್ಟೆಯಲ್ಲಿ ಎರಡು ಸಲ ಸೋಸಿ ಕಾಫಿಗೆ ಹಾಕಿದಳು. ಅತ್ತೆ ವಾಸನೆ ಹಿಡಿದರು. "ಜೇನು ಕಾಸಿದ್ರ ವಿಷ ಆಗ್ತೈತಂತ ಗೊತ್ತಿಲ್ಲೇನವ್ವಾ. ನನ್ನ ಮಗನ್ನ ಏನು ಮಾಡಬೇಕಂತಿ?" ಆ ಮಾತು ಭಾವನವರ ಕಿವಿಗೆ ಬಿತ್ತು. ಅವತ್ತು ಕುಡಿಕೆ ಒಡೆಯಿತು, ಅಕ್ಕನ ತುಟಿಯೂ ಒಡೆಯಿತು. ನೆಲದ ಮೇಲಿನ ಜೇನಿಗೆ ಮೂರು ದಿನ ಇರುವೆ ಮುತ್ತಿದ್ದವು.

ಉತ್ತತ್ತಿಯನ್ನು ನೆನೆಹಾಕಿ, ಒರಳಿನಲ್ಲಿ ನುಣ್ಣಗೆ ರುಬ್ಬಿ ಬೆರೆಸಿದಳು. ರುಚಿ ಚೆನ್ನಾಗಿಯೇ ಇತ್ತು, ನಾವಿಬ್ಬರೂ ಕದ್ದು ಕುಡಿದೆವು. ಆದರೆ ತಳದ ಚರಟ ಗಂಟಲಿಗೆ ಸಿಕ್ಕಿ ಭಾವ ಕೆಮ್ಮಿದರು, ಕೆಮ್ಮಿದ್ದನ್ನು ಅವಳ ಮುಖಕ್ಕೇ ಉಗುಳಿದರು. ಕೆಮ್ಮಿಗೆ ಕೊಡುವ ಅತಿಮಧುರದ ಬೇರು ಜಜ್ಜಿ ಕುದಿಸಿದ ಚಹಾ ಮಾತ್ರ ಹೊಡೆತವಿಲ್ಲದೆ ದಾಟಿತು. "ನಾನೇನು ಕೆಮ್ಮಿನ ರೋಗಿ ಅದೀನೇನು," ಎಂದು ಲೋಟ ಸರಿಸಿ ಎದ್ದುಹೋದರು.

ಕೊನೆಗೆ ಅವಳಿಗೆ ಹೊಳೆದದ್ದು ಸುಲಭದ್ದು. ಸಪ್ಪೆ ಕಾಫಿಯ ಪಕ್ಕದಲ್ಲಿ ಒಂದು ತುಂಡು ಬೆಲ್ಲ ಇಟ್ಟಳು. ಬೆಲ್ಲ ಕಡಿಯುವುದು, ಒಂದು ಗುಟುಕು ಕುಡಿಯುವುದು. ಗೊಣಗುತ್ತಲೇ ಭಾವ ಒಪ್ಪಿದರು. ಒಂದು ತಿಂಗಳು ಮನೆಯಲ್ಲಿ ಏನೂ ಒಡೆಯಲಿಲ್ಲ.

ಆಗ ಬಳ್ಳಾರಿಯಿಂದ ಬೆಲ್ಲ ಕೊಳ್ಳುವ ಸಾಹುಕಾರರೊಬ್ಬರು ಬಂದರು. ಭಾವನವರ ಅಚ್ಚುಗಳನ್ನು ಬಿಸಿಲಿಗೆ ಹಿಡಿದು ನೋಡಿ, ಪಡಸಾಲೆಯಲ್ಲಿ ಕೂತರು. ಅಕ್ಕ ಹೊಳೆಗೆ ಹೋಗಿದ್ದಳು. "ಕಾಫಿ ತರ್ರಿ," ಎಂಬ ಕೂಗು ಒಳಗೆ ಬಂತು. ಒಲೆಯ ಮುಂದೆ ಇದ್ದವಳು ನಾನು. ಬಂದ ದೊಡ್ಡ ಮನುಷ್ಯರಿಗೆ ಬೆಲ್ಲ ಕಡಿದು ಕುಡಿಯಿರಿ ಎನ್ನುವುದು ಹೇಗೆ? ಸ್ವಲ್ಪವೇ ಹಾಕಿದರೆ ಒಡೆಯಲಿಕ್ಕಿಲ್ಲ ಎಂದುಕೊಂಡೆ. ಹಾಕಿ, ಎರಡು ಲೋಟಕ್ಕೆ ಬಗ್ಗಿಸಿ, ಹೊಸ್ತಿಲಲ್ಲಿ ಇಟ್ಟು ಮರೆಗೆ ಸರಿದೆ. ಬಗ್ಗಿಸುವಾಗ ನೆಟ್ಟಗಿತ್ತು. ಅವರ ಕೈಗೆ ಹೋಗುವಷ್ಟರಲ್ಲಿ ಒಡೆದಿತ್ತು.

ಸಾಹುಕಾರರು ಲೋಟದೊಳಗೆ ಬೆರಳು ಅದ್ದಿ ಒಂದು ಗರಣೆ ಎತ್ತಿದರು. "ಏನ್ರಿ ಇದು, ನಿಮ್ಮ ಬೆಲ್ಲ ಕಂಡ್ರ ಹಾಲು ಹೆದರ್ತೈತಲ್ಲ," ಎಂದು ನಕ್ಕರು. ನಗುತ್ತಲೇ ಎದ್ದು, ಬೆಲೆಯ ಮಾತೂ ಆಡದೆ ಚಪ್ಪಲಿ ಮೆಟ್ಟಿದರು.

ಅಷ್ಟು ಹೊತ್ತಿಗೆ ಅಕ್ಕ ಹಿತ್ತಲ ಬಾಗಿಲಿನಿಂದ ಕೊಡ ಹೊತ್ತು ಒಳಗೆ ಬಂದಳು. ಭಾವ ಒಂದು ಮಾತೂ ಕೇಳಲಿಲ್ಲ. ಕೈಯಲ್ಲಿದ್ದ ಲೋಟದಿಂದಲೇ ಅವಳ ಎಡಗಣ್ಣಿನ ಮೇಲೆ ಹೊಡೆದರು. ಕೊಡ ಬಿತ್ತು, ಅವಳು ಅದರ ಮೇಲೆ ಬಿದ್ದಳು. ಹೊಟ್ಟೆ ಎರಡೂ ಕೈಯಲ್ಲಿ ಅಪ್ಪಿಕೊಂಡು ಬೆನ್ನು ಕೊಟ್ಟಳು. ಬೆನ್ನಿನ ಮೇಲೆ ಲೋಟದ ಅಂಚು ಎಷ್ಟು ಸಲ ಬಿತ್ತೋ, ಲೋಟ ಕೊನೆಗೆ ಸೊಟ್ಟಗಾಗಿತ್ತು. ನೆಲದ ನೀರಿನಲ್ಲಿ ರಕ್ತ ಎಳೆ ಎಳೆಯಾಗಿ ಹರಿಯಿತು.

ಬೆಲ್ಲ ಹಾಕಿದವಳು ನಾನು ಎಂದು ಹೇಳಬೇಕಿತ್ತು. ಹೇಳಲು ಭಾವನವರ ಎದುರು ಬರಬೇಕಿತ್ತು, ಮಾತಾಡಬೇಕಿತ್ತು. ನಾನು ಬಾಗಿಲ ಹಿಂದೆ ಸೆರಗು ಕಚ್ಚಿಕೊಂಡು ನಿಂತೆ.

ಮರುದಿನ ಸುದ್ದಿ ಮುಟ್ಟಿ ಅಕ್ಕನ ಅಪ್ಪ ಬಂಡಿ ತಂದು ಕರೆದೊಯ್ದರು. ಅವಳ ಕಣ್ಣು ಮುಚ್ಚಿಕೊಂಡೇ ಇತ್ತು. ಭಾವ ಹೊರಗೆ ಬರಲಿಲ್ಲ.

ಎರಡು ವಾರ ಕಳೆದಿರಬೇಕು. ಪಕ್ಕದ ಗಾಣದವರು ತಮ್ಮ ಮೊದಲ ಪಾಕದ ಬೆಲ್ಲ ಕಳಿಸಿದರು. ಕಪ್ಪು ಬೆಲ್ಲ, ಭಾವ ಅದನ್ನು ಸೆಗಣಿ ಉಂಡೆ ಎಂದು ಆಡಿಕೊಳ್ಳುತ್ತಿದ್ದರು. ನಾನು ಒಂದು ಚೂರು ಮುರಿದು ಕುದಿಯುವ ಹಾಲಿಗೆ ಹಾಕಿದೆ. ಒಡೆಯಲಿಲ್ಲ. ಮತ್ತೊಂದು ಚೂರು ಹಾಕಿದೆ. ಹಾಲು ಹಾಗೇ ಇತ್ತು.

ಆ ಮಧ್ಯಾಹ್ನ ಎರಡು ಗಿಂಡಿ ಹಾಲು, ಎರಡು ಬಗೆಯ ಬೆಲ್ಲ, ಕೆಂಡದ ಅಗ್ಗಿಷ್ಟಿಕೆ ತಂದು ಪಡಸಾಲೆಯಲ್ಲಿ ಭಾವನವರ ಮುಂದೆ ಇಟ್ಟೆ. ಅತ್ತೆ, "ಏನವ್ವಾ ನಿಂಗ ತಲಿ ಕೆಟ್ಟೈತೇನು," ಎಂದರು. ಹಾಲು ಉಕ್ಕಿ ಬಂದಾಗ ಎರಡಕ್ಕೂ ಬೆಲ್ಲ ಹಾಕಿದೆ. ಬಂಗಾರದ್ದು ಬಿದ್ದ ಗಿಂಡಿ ಒಡೆಯಿತು.

"ಸಾಹುಕಾರ್ರು ಬಂದಾಗ ಬೆಲ್ಲ ಹಾಕಿದಾಕಿ ನಾನ್ರಿ," ಎಂದೆ. ನನ್ನ ದನಿ ಅವರು ಕೇಳಿದ್ದು ಅದೇ ಮೊದಲು. "ಹಾಲು ಒಡಿಸಿದ್ದು ನಿಮ್ಮ ಬೆಲ್ಲ. ಬಣ್ಣ ಬರ್ಲಿ ಅಂತ ಸುಣ್ಣ ಕಮ್ಮಿ ಹಾಕ್ತೀರಿ. ಅಕ್ಕ ಅದನ್ನ ಹೇಳಿದ್ಲು."

ಅವರು ಎದ್ದರು. ಬಲಗೈ ಮೇಲಕ್ಕೆ ಹೋಯಿತು. ನಾನು ಕಣ್ಣು ಮುಚ್ಚಲಿಲ್ಲ. ಕೈ ಅಲ್ಲೇ ನಿಂತಿತು, ಕೆಳಗೆ ಬರಲಿಲ್ಲ. ತಮ್ಮನ ಹೆಂಡತಿಯನ್ನು ಮುಟ್ಟುವ ಹಾಗಿಲ್ಲವಲ್ಲ. ಅಗ್ಗಿಷ್ಟಿಕೆಯನ್ನು ಒದ್ದರು, ಕೆಂಡ ಚಾಪೆಯ ಮೇಲೆ ಹಾರಿ ಹೊಗೆ ಎದ್ದಿತು, ಅವರ ಪಾದವೂ ಸುಟ್ಟಿತು. ಕುಂಟುತ್ತ ಗಾಣದ ಕಡೆ ಹೋದರು.

ನಾನು ಕೆಂಡ ಆರಿಸುತ್ತ ಕೂತೆ. ನಾಲ್ಕು ವರ್ಷವೂ ಆ ಕೈ ನನ್ನ ಮೇಲೆ ಬೀಳುವ ಹಾಗಿರಲಿಲ್ಲ. ಒಮ್ಮೆ ನಡುವೆ ಬಂದು ನಿಂತಿದ್ದರೆ ಸಾಕಿತ್ತು. ಪದ್ಧತಿಯನ್ನು ನಾನು ನನ್ನ ಬಾಯಿ ಮುಚ್ಚಿಕೊಳ್ಳಲಿಕ್ಕಷ್ಟೇ ಇಟ್ಟುಕೊಂಡಿದ್ದೆ.

ಅಕ್ಕನಿಗೆ ಗಂಡು ಮಗುವಾಯಿತು, ಮಗು ಗಟ್ಟಿಯಾಗಿತ್ತು. ತೊಟ್ಟಿಲಿಗೆ ಹಾಕುವ ದಿನ ಅತ್ತೆಯ ಜೊತೆ ನಾನೂ ಹೊಸಪೇಟೆಗೆ ಹೋದೆ. ಕರೆಯುವುದಿಲ್ಲ ಎಂದಿದ್ದ ಭಾವನವರೂ ಬಂಡಿಯ ಮುಂದೆ ಕೂತು ಬಂದರು. ಒಂದು ಅಚ್ಚು ಬೆಲ್ಲವನ್ನು ಬಟ್ಟೆಯಲ್ಲಿ ಕಟ್ಟಿ ತಂದಿದ್ದರು. ಬಿಚ್ಚಿದಾಗ ನೋಡಿದೆ, ಹುಣಸೆಹಣ್ಣಿನಂಥ ಬಣ್ಣ.

ಅಕ್ಕ ಅದನ್ನು ಎತ್ತಿಕೊಂಡು ಒಳಗೆ ಹೋದಳು. ಎಡಗಣ್ಣಿನ ಹುಬ್ಬು ಎರಡು ತುಂಡಾಗಿ ಕೂಡಿಕೊಂಡಿತ್ತು. ಎಲ್ಲರೂ ಕಾಣುವಂತೆ ಬಾಗಿಲು ತೆರೆದಿಟ್ಟು ಹಾಲು ಕಾಸಿದಳು, ಬೆಲ್ಲ ಹಾಕಿದಳು, ಕಾದಳು. ಹಾಲು ಒಡೆಯದೆ ನಿಂತಿತು. ಕಾಫಿಯನ್ನು ಲೋಟಕ್ಕೆ ಬಗ್ಗಿಸಿ ತಾನೇ ಒಂದು ಗುಟುಕು ಕುಡಿದು ನೋಡಿದಳು.

"ಬೆಲ್ಲ ಸುಧಾರಿಸೈತಿ," ಎಂದಳು. "ಕೈ?"

ಭಾವ ಬೆಲ್ಲ ಕಟ್ಟಿ ತಂದ ಬಟ್ಟೆಯನ್ನು ಮಡಚತೊಡಗಿದರು. ಅವಳ ಅಪ್ಪ ಮೊಮ್ಮಗನನ್ನು ತೊಡೆಯ ಮೇಲೆ ಸರಿಮಾಡಿಕೊಂಡು ಗೋಡೆ ನೋಡಿದರು. ನಾನು ಒಲೆಯ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ: "ಅಕ್ಕ, ಅವತ್ತು ಬೆಲ್ಲ ಹಾಕಿದಾಕಿ ನಾನು."

"ಗೊತ್ತು. ಒಲಿ ಮುಂದ ನೀ ಒಬ್ಬಾಕಿನ ಇದ್ದಿ."

"ಇನ್ನ ಮ್ಯಾಲ ಅವರಿಗೆ ಕಾಫಿ ನಾನ ಒಯ್ದು ಕೊಡ್ತೀನಿ. ಊಟಕ್ಕೂ ನಾನ ಬಡಸ್ತೀನಿ. ನೀ ಎದುರಿಗೆ ಬರಬ್ಯಾಡ."

ಅಕ್ಕ ಅವತ್ತು ಬಂಡಿ ಹತ್ತಲಿಲ್ಲ. ಮಗುವಿಗೆ ಹಲ್ಲು ಬಂದ ಮೇಲೆ ಕಂಪ್ಲಿಗೆ ಬಂದಳು.

ಭಾವನವರ ಕೈ ಆಮೇಲೆ ಏಳಲೇ ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಎದ್ದಾಗಲೆಲ್ಲ ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ನಡುವೆ ಹೋಗಿ ನಿಲ್ಲುತ್ತಿದ್ದೆ, ಅದು ಗಾಳಿಯಲ್ಲೇ ನಿಲ್ಲುತ್ತಿತ್ತು. ಕಾಫಿಯನ್ನು ಅವರ ಮುಂದೆ ನೆಲದ ಮೇಲಿಟ್ಟು ಮರೆಗೆ ಸರಿಯದೆ ಅಲ್ಲೇ ಇರುತ್ತಿದ್ದೆ. ಅವರು ತಲೆ ಎತ್ತದೆ ಕುಡಿದು ಮುಗಿಸಿ ಲೋಟವನ್ನು ನೆಲಕ್ಕಿಡುತ್ತಿದ್ದರು. ಅದೇ ಸೊಟ್ಟ ಲೋಟ. ಬೇರೆಯದರಲ್ಲಿ ಕೊಡಬಾರದೆಂದು ಅಕ್ಕ ಹೇಳಿದ್ದಳು.