ಪಾದೋದಕದಲ್ಲಿ ಕದಡಿದ ಗುಳಿಗೆ

ಟಣ್, ಟಣ್, ಟಣ್. ಮೂಡಲಗಿಯ ಆ ಓಣಿಗೆ ಬೆಳಗಾಗುವುದು ಶೋಭಾಳ ಹಿತ್ತಾಳೆ ಕುಟ್ಟಾಣಿಯ ಸದ್ದಿನಿಂದ. ಮೊದಲು ಅತ್ತೆ ಚನ್ನವ್ವನಿಗೆ ಅದರಲ್ಲಿ ಎಲೆ-ಅಡಿಕೆ ಕುಟ್ಟಿ ಕೊಡುತ್ತಿದ್ದಳು. ಈಗ ಕುಟ್ಟುವುದು ಏಳು ಗುಳಿಗೆ. ಚನ್ನವ್ವನಿಗೆ ಮರೆವಿನ ರೋಗ ಹತ್ತಿ ಒಂಬತ್ತು ವರ್ಷ. ಮಕ್ಕಳ ಹೆಸರು ಹೋಯಿತು, ಮಾತು ಹೋಯಿತು, ಈಗ ನುಂಗುವುದೂ ಮರೆಯುತ್ತಿದೆ. ಪುಡಿಯನ್ನು ಬಾಳೆಹಣ್ಣಿನಲ್ಲಿ ಕಲಸಿ ಕೊಟ್ಟರೆ ಹಲ್ಲು ಕಚ್ಚುತ್ತಾಳೆ. ಒತ್ತಾಯ ಮಾಡಿದರೆ ಕೆಮ್ಮಿ ಕೆಮ್ಮಿ ಕಣ್ಣು ಮೇಲಾಗುತ್ತವೆ.

ಗೋಕಾಕದ ಡಾಕ್ಟರು ಹೋದ ತಿಂಗಳೇ ಬಿಡಿಸಿ ಹೇಳಿದ್ದರು. ನೆನಪಿನ ಗುಳಿಗೆಯಿಂದ ಇನ್ನು ಉಪಯೋಗವಿಲ್ಲ, ಒಂದೊಂದಾಗಿ ಬಿಡಿಸೋಣ, ನೋವಿನ ಔಷಧ ಇದ್ದರೆ ಸಾಕು, ಮನೆಯವರು ಮಾತಾಡಿಕೊಂಡು ಬನ್ನಿ. ಶೋಭಾಳ ಗಂಡ ಕಾಶಿನಾಥ ತಿರುಗಿ ಬರುವ ಬಸ್ಸಿನಲ್ಲೇ ಕೈ ತೊಳೆದುಕೊಂಡ. "ಅಣ್ಣನ್ನ ಕೇಳಲಾರ್ದ ಹೆಂಗ ಮಾಡೂದು?"

ಕೇಳಬೇಕಂತೆ. ಒಂಬತ್ತು ವರ್ಷದಲ್ಲಿ ಒಂದು ಸಲವೂ ಅವ್ವನ ಸೀರೆ ಬದಲಿಸದ ಅಣ್ಣನನ್ನು.

ಅಣ್ಣ ಗುರುಪಾದ ನಿವೃತ್ತ ಸರಕಾರಿ ನೌಕರ, ಮನೆ ಹುಕ್ಕೇರಿಯಲ್ಲಿ. ಶನಿವಾರ ಬಂದ, ಡಾಕ್ಟರ ಚೀಟಿ ನೋಡಿದ. "ಗುಳಿಗಿ ಬಿಡಸಿ ಅವ್ವನ್ನ ಸಾಯಾಕ ಬಿಟ್ರು ಅಂತ ಮಂದಿ ಅನ್ನಬೇಕೇನ? ಒಂದೂ ಬಿಡೂದ ಬ್ಯಾಡ" ಎಂದ. ಉಂಡು ಮಲಗಿದ.

ಚನ್ನವ್ವನಲ್ಲಿ ಉಳಿದಿದ್ದುದು ಒಂದೇ. ಅರಭಾವಿಯಿಂದ ಸೊಸೆಯಾಗಿ ಬಂದ ಶೋಭಾಳಿಗೆ ಲಿಂಗಪೂಜೆಯನ್ನು ಕೈಹಿಡಿದು ಕಲಿಸಿದವಳು ಅವಳೇ. ಈಗ ಬೆಳಿಗ್ಗೆ ಶೋಭಾ ಅತ್ತೆಯ ಇಷ್ಟಲಿಂಗವನ್ನು ಅತ್ತೆಯ ಅಂಗೈಯಲ್ಲಿಟ್ಟು ನೀರೆರೆದರೆ ಬೆರಳುಗಳು ತಾವಾಗಿ ಮಡಚಿಕೊಳ್ಳುತ್ತಿದ್ದವು. ಆ ನೀರು, ಪಾದೋದಕ, ತುಟಿಗೆ ತಾಗಿದರೆ ಬಾಯಿ ತೆರೆಯುತ್ತಿತ್ತು. ಕೆಮ್ಮಿಲ್ಲ, ಹಟವಿಲ್ಲ. ಅಷ್ಟು ಹೊತ್ತು ಚನ್ನವ್ವ ಚನ್ನವ್ವನೇ.

ರವಿವಾರ ಶೋಭಾ ಹಿತ್ತಲಲ್ಲಿ ಹೊಲಸಾದ ಹಾಸಿಗೆ ಬಟ್ಟೆ ಒಗೆಯುತ್ತಿದ್ದಾಗ ಗುರುಪಾದ ತಾನೇ ಅವ್ವನ ಪೂಜೆಗೆ ಕೂತ. ಏಳೂ ಗುಳಿಗೆಯ ಪುಡಿಯನ್ನು ಪಾದೋದಕದಲ್ಲಿ ಕದಡಿ ಕುಡಿಸಿದ. ಕಹಿಗೆ ಚನ್ನವ್ವ ಉಗುಳಿದಳು. ಲಿಂಗ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಶೋಭಾ ಓಡಿ ಬಂದು, ಲಿಂಗ ತೊಳೆದು, ಮತ್ತೆ ನೀರೆರೆದು ತುಟಿಗೆ ಹಿಡಿದಳು. ಬಾಯಿ ತೆರೆಯಲಿಲ್ಲ. ಸೋಮವಾರವೂ ತೆರೆಯಲಿಲ್ಲ.

"ನಾಳಿ ಒಂದೀಟ ಸಕ್ಕರಿ ಹಾಕಿ ನೋಡೂಣು" ಎಂದ ಗುರುಪಾದ, ಚಹಾ ಹೀರುತ್ತ.

ಶೋಭಾ ಕುಟ್ಟಾಣಿ ತಂದು ಅವನ ಮುಂದಿಟ್ಟಳು. "ಭಾವಾರ, ಅತ್ತಿ ನಂಬಿ ಬಾಯಿ ತೆರಿಯೂದು ಅದೊಂದಕ್ಕ. ಅದನ್ನೂ ಕೆಡಿಸಿಟ್ರಿ."

"ಔಷಧ ಕೊಟ್ಟೇನವಾ, ವಿಷ ಅಲ್ಲ. ನಾ ಮಗಾ ಅದೇನಿ."

"ಮಗಾ ಅದೀರಿ, ಖರೆ. ಹಂಗಾರ ನಾಳಿಂದ ಏಳೂ ನೀವ ನುಂಗಸ್ರಿ, ಉಗುಳಿದ್ದು ನೀವ ಒರಸ್ರಿ. ಆಗೂದಿಲ್ಲಂದ್ರ ಡಾಕ್ಟರ್ ಹೇಳ್ದಂಗ ಬಿಡಸಾಕಿ ನಾ."

"ದನಿ ತಗ್ಗಸ" ಎಂದ ಕಾಶಿನಾಥ, ಗೋಡೆ ನೋಡುತ್ತ. "ಬಾಜೂ ಮನಿಯವ್ರು ಕೇಳ್ತಾರ."

"ಕೇಳ್ಲಿ. ನಿಮ್ಮವ್ವನ ಉಚ್ಚಿ ನಾ ಬಳಿಯೂಮುಂದ ಬಾಜೂ ಮನಿಯವ್ರೇನ ಬಂದಿಲ್ಲ. ನೀವೂ ಬಂದಿಲ್ಲ."

ಗುರುಪಾದ ಚಹಾದ ಬಸಿ ಕೆಳಗಿಟ್ಟ. "ನೋಡವಾ ಶೋಭಾ, ಹೆಣ್ಮಕ್ಕಳು ತೀರ್ಮಾನ ಮಾಡೂ ಮಾತಲ್ಲ ಇದು. ನಾವು ಅಣ್ಣ-ತಮ್ಮ ಕುಂತು..."

ಶೋಭಾ ಡಾಕ್ಟರ ಚೀಟಿಯನ್ನು ಚೀಲಕ್ಕೆ ಹಾಕಿ ಚಪ್ಪಲಿ ಮೆಟ್ಟಿದಳು. "ಗೋಕಾಕಕ್ಕ ಹೊಂಟೇನಿ. ಅತ್ತಿ ಸೀರಿ ಹಸಿ ಆಗೇತಿ. ಅಣ್ಣ-ತಮ್ಮ ಕೂಡಿ ಬದಲಸ್ರಿ."

"ಅಲ್ಲ, ಅದನ್ನ ನಾವು ಹೆಂಗ..." ಎಂದು ಗುರುಪಾದ ಅನ್ನುತ್ತಿರುವಾಗಲೇ ಅವಳು ಓಣಿಯ ತಿರುವು ದಾಟಿದ್ದಳು.